ಗೋಡೆಯ ಹೊರಗಿನ ಪ್ಲಗ್ಗು

ಒಂದು ಮನೆಯ ಚರಿತ್ರೆಯನ್ನು ಅದರ ಪ್ಲಗ್ಗುಗಳನ್ನು ನೋಡಿಯೇ ಹೇಳಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮೊದಲು ಬಂದದ್ದು ನಡುಮನೆಯ ದೀಪ. ಅದಕ್ಕೊಂದು ಕಪ್ಪು ದುಂಡನೆಯ ಸ್ವಿಚ್ಚು. ಆಮೇಲೆ ರೇಡಿಯೋಗೆಂದು ಒಂದು ಪ್ಲಗ್ಗು, ಇಸ್ತ್ರಿಪೆಟ್ಟಿಗೆಗೆಂದು ಇನ್ನೊಂದು. ಅಡುಗೆಮನೆಯ ಸರದಿ ಬಂದದ್ದು ನಾನು ಕಂಡ ಮನೆಗಳಲ್ಲೆಲ್ಲ ತಡವಾಗಿಯೇ. ಮಿಕ್ಸಿ ಬಂತು, ಚಟ್ನಿಯ ಕಲ್ಲು ಹಿತ್ತಿಲು ಸೇರಿತು. ಗ್ರೈಂಡರು ಬಂತು, ಒರಳುಕಲ್ಲು ಸುಮ್ಮನಾಯಿತು. ಗೀಸರು ಬಂತು, ಹಂಡೆಯ ಒಲೆ ಆರಿತು. ಹೀಗೆ ಬಂದ ಒಂದೊಂದು ಪ್ಲಗ್ಗಿನ ಹಿಂದೆಯೂ ಮನೆಯೊಳಗೆ ಒಂದು ಪುಟ್ಟ ವಾದವಿವಾದ ನಡೆದಿರುತ್ತದೆ. ಇದು ಬೇಕೇ? ಬಿಲ್ಲು ಎಷ್ಟು ಬರುತ್ತದೆ? ಯಾರಿಗಾಗಿ?

ಹಳೆಯ ಮೈಸೂರು ಸೀಮೆಯ ನಮ್ಮ ಊರುಗಳಲ್ಲಿ ‘ಎ.ಇ.ಎಚ್.’ ಎಂಬ ಮೂರಕ್ಷರಕ್ಕೆ ಒಂದು ಕಾಲದಲ್ಲಿ ಬಹಳ ಮರ್ಯಾದೆಯಿತ್ತು. ‘ಆಲ್ ಎಲೆಕ್ಟ್ರಿಕ್ ಹೋಮ್’ ಎಂಬುದರ ಕಿರಿದು ಅದು. ಬರೀ ದೀಪಕ್ಕಲ್ಲದೆ ಒಲೆ, ಗೀಸರುಗಳಿಗೂ ಕರೆಂಟು ಪಡೆದ ಮನೆ ಎಂದರ್ಥ. ಬಾಡಿಗೆಗೆ ಮನೆ ಇದೆ ಎಂಬ ಜಾಹೀರಾತಿನಲ್ಲಿ ಬಾವಿ, ಹಿತ್ತಿಲುಗಳ ಜೊತೆಗೆ ಇದನ್ನೂ ಸೇರಿಸಿ ಬರೆಯುತ್ತಿದ್ದರು. ಹೆಣ್ಣು ಕೊಡುವವರೂ ಇದನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ಈಗ ಇನ್ನೊಂದು ಪ್ಲಗ್ಗಿನ ಸರದಿ. ಇದು ಮನೆಯ ಒಳಗಲ್ಲ, ಗೋಡೆಯ ಹೊರಮೈಯಲ್ಲಿ, ಕಾರು ನಿಲ್ಲುವ ಕಡೆ ಬರುವಂಥದು. ವಿದ್ಯುತ್ ಕಾರಿಗೆ ಮನೆಯಲ್ಲೇ ಚಾರ್ಜರ್ ಹಾಕಿಸಿಕೊಳ್ಳುವುದು ಈಗ ಸಣ್ಣ ಊರುಗಳಿಗೂ ಬಂದಿದೆ. ನೋಡಿದವರು ಕಾಲ ಎಷ್ಟು ಮುಂದುವರಿಯಿತು ಎನ್ನುತ್ತಾರೆ. ನಾನು ಚರಿತ್ರೆ ಪಾಠ ಹೇಳಿದವಳು; ಕಾಲ ಇಲ್ಲಿ ಮುಂದೆ ಹೋಗಿದೆಯೋ ಒಂದು ಸುತ್ತು ಹಾಕಿ ಬಂದಿದೆಯೋ ಎಂದು ನೋಡುವುದು ನನ್ನ ಅಭ್ಯಾಸ. ಏಕೆಂದರೆ ಮನೆಯಲ್ಲಿ ಚಾರ್ಜು ಮಾಡಿಕೊಳ್ಳುವ ಕಾರು ನೂರು ವರ್ಷಗಳ ಹಿಂದೆಯೇ ಇತ್ತು. ಅದು ಇದ್ದದ್ದು ಅಮೆರಿಕದಲ್ಲಿ. ಅದನ್ನು ಹೆಚ್ಚಾಗಿ ನಡೆಸುತ್ತಿದ್ದವರು ಹೆಂಗಸರು.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ವಾಹನಗಳು 4,192. ಅದರಲ್ಲಿ 1,681 ಹಬೆಯಿಂದ ಓಡುವವು, 1,575 ವಿದ್ಯುತ್ತಿನವು. ಪೆಟ್ರೋಲಿನವು ಕೇವಲ 936. ಆಗ ಯಾರಾದರೂ ಪಂದ್ಯ ಕಟ್ಟುವುದಾದರೆ ಪೆಟ್ರೋಲಿನ ಮೇಲೆ ಕಟ್ಟುತ್ತಿರಲಿಲ್ಲವೇನೋ. ಪೆಟ್ರೋಲ್ ಕಾರನ್ನು ಹೊರಡಿಸಬೇಕಾದರೆ ಮುಂದೆ ಬಾಗಿ ಒಂದು ಕಬ್ಬಿಣದ ಹ್ಯಾಂಡಲನ್ನು ಬಲವಾಗಿ ತಿರುಗಿಸಬೇಕಿತ್ತು. ಇಂಜಿನ್ನು ಹಿಂದಕ್ಕೆ ಒದ್ದರೆ ಹ್ಯಾಂಡಲು ತಿರುಗಿ ಬಂದು ಮುಂಗೈ ಮುರಿಯುತ್ತಿತ್ತು. ಗಿಯರು ಬದಲಿಸುವುದೂ ಒಂದು ಕುಸ್ತಿಯೇ. ಇದರ ಮೇಲೆ ಹೊಗೆ, ಎಣ್ಣೆಯ ಜಿಡ್ಡು, ಕಿವಿಗಡಚಿಕ್ಕುವ ಸದ್ದು. ವಿದ್ಯುತ್ ಕಾರಿನಲ್ಲಿ ಇವಾವುವೂ ಇರಲಿಲ್ಲ. ಹತ್ತಿ ಕುಳಿತು ಒಂದು ಹಿಡಿಯನ್ನು ಸರಿಸಿದರೆ ಹೊರಟಿತು.

ಕಂಪನಿಗಳು ಇದನ್ನು ಬೇಗ ಅರಿತವು. ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಕಾರು 1907ರಿಂದ ತಯಾರಾಗತೊಡಗಿತು. ಅದರ ಒಳಗೆ ಸೋಫಾದಂಥ ಆಸನಗಳು, ಸುತ್ತಲೂ ಗಾಜು, ಹೂವಿಡಲು ಪುಟ್ಟ ಹೂದಾನಿ. ವೇಗ ಗಂಟೆಗೆ ಸುಮಾರು 30 ಕಿಲೋಮೀಟರು. ಒಮ್ಮೆ ಚಾರ್ಜು ಮಾಡಿದರೆ 130 ಕಿಲೋಮೀಟರಿನಷ್ಟು ಓಡುತ್ತದೆ ಎಂದು ಜಾಹೀರಾತು ಹೇಳುತ್ತಿತ್ತು. ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಫೋರ್ಡ್ ಓಡಿಸುತ್ತಿದ್ದದ್ದು ಗಂಡನ ಕಾರನ್ನಲ್ಲ, ಈ ಡೆಟ್ರಾಯಿಟ್ ಎಲೆಕ್ಟ್ರಿಕ್ಕನ್ನು. ಆಕೆಯ 1914ರ ಕಾರು ಇಂದಿಗೂ ಫೋರ್ಡ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ. ಎಡಿಸನ್ ಜೊತೆ ಸೇರಿ ಅಗ್ಗದ ವಿದ್ಯುತ್ ಕಾರು ಮಾಡುತ್ತೇನೆಂದು ಹೆನ್ರಿ ಫೋರ್ಡ್ ಅದೇ 1914ರಲ್ಲಿ ಹೇಳಿದ್ದ. ಸುದ್ದಿ ಬಂತು, ಕಾರು ಬರಲಿಲ್ಲ.

ಆ ಕಾರುಗಳಿಗೆ ಮನೆಯಲ್ಲಿ ಚಾರ್ಜು ಹಾಕುವುದು ಹೇಗೆ? ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತು. ಮನೆಗಳಿಗೆ ಬರುತ್ತಿದ್ದದ್ದೋ ಹೆಚ್ಚಾಗಿ ಹಿಂದೆ ಮುಂದೆ ಹರಿಯುವ ಪರ್ಯಾಯ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾಡಲು ಪೀಟರ್ ಕೂಪರ್ ಹ್ಯೂಯಿಟ್ ಎಂಬಾತ 1902ರಲ್ಲಿ ಪಾದರಸದ ರೆಕ್ಟಿಫೈಯರ್ ಕಂಡುಹಿಡಿದ. ಒಂದು ದೊಡ್ಡ ಗಾಜಿನ ಬುರುಡೆ, ತಳದಲ್ಲಿ ಪಾದರಸ, ಕರೆಂಟು ಹರಿದಾಗ ಒಳಗೆಲ್ಲ ನೀಲಿ ಹಸಿರು ಬೆಳಕು. ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಫಲಕಕ್ಕೆ ಜೋಡಿಸಿ ಮನೆಯ ಕಾರುಕೊಟ್ಟಿಗೆಗಳಿಗೆಂದೇ ಮಾರಿತು. ರಾತ್ರಿಯೆಲ್ಲ ಆ ಬೆಳಕಿನಲ್ಲಿ ಕಾರು ಚಾರ್ಜಾಗುತ್ತಿತ್ತು. ರಾತ್ರಿ ಹೊತ್ತು ಕರೆಂಟಿಗೆ ಗಿರಾಕಿಯೇ ಇಲ್ಲದ ವಿದ್ಯುತ್ ಕಂಪನಿಗಳಿಗೂ ಇದು ಒಳ್ಳೆಯ ವ್ಯಾಪಾರ.

ಇಲ್ಲಿ ನಮ್ಮ ನಾಡಿನದೂ ಒಂದು ಎಳೆ ಸೇರಿಕೊಳ್ಳುತ್ತದೆ. ಇದೇ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಅದೇ 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ತಿರುಗತೊಡಗಿದವು. ಅಲ್ಲಿ ಹುಟ್ಟಿದ ಕರೆಂಟು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಉಳ್ಳವರ ಮನೆ. ಅಡುಗೆಮನೆ ಎಂಬುದು ಆ ಪಟ್ಟಿಯಲ್ಲಿ ಎಷ್ಟೋ ವರ್ಷ ಇರಲೇ ಇಲ್ಲ. ತಂತಿ ಎಲ್ಲಿಗೆ ಮೊದಲು ಹೋಗಬೇಕು ಎಂದು ತೀರ್ಮಾನಿಸುವವರು ಯಾರೋ, ದಾರಿ ಕಾಯುವವರು ಇನ್ಯಾರೋ.

ಅಮೆರಿಕದ ಆ ಕಾರುಗಳಿಗೂ ಕೊನೆಗೆ ಕಷ್ಟ ಬಂದದ್ದು ಹೀಗೆಯೇ. ಅವು ಏಕೆ ಮಾಯವಾದವು ಎಂಬುದಕ್ಕೆ ಕಾರಣಗಳು ಹಲವು. 1901ರಲ್ಲಿ ಟೆಕ್ಸಾಸಿನಲ್ಲಿ ಭಾರಿ ಎಣ್ಣೆ ಬಾವಿ ಸಿಕ್ಕಿತು. 1908ರಲ್ಲಿ ಫೋರ್ಡನ ಮಾಡೆಲ್ ಟಿ ಬಂತು. ಅದರ ಬೆಲೆ ವರ್ಷವರ್ಷಕ್ಕೆ ಇಳಿದು 1920ರ ದಶಕದ ನಡುವಿನ ಹೊತ್ತಿಗೆ 300 ಡಾಲರಿಗಿಂತ ಕೆಳಗೆ ಬಂತು. ವಿದ್ಯುತ್ ಕಾರು ಅದರ ಎಷ್ಟೋ ಪಟ್ಟು ದುಬಾರಿಯಾಗಿಯೇ ಉಳಿಯಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಜೋಡಿಸಿದ; ಕೈ ಮುರಿಯುವ ಹ್ಯಾಂಡಲು ಹೋಯಿತು. ಒಂದು ಬ್ಯಾಟರಿ, ಒಂದು ಪುಟ್ಟ ಮೋಟಾರು ಸೇರಿದರೆ ಆ ಸ್ಟಾರ್ಟರು. ವಿದ್ಯುತ್ ಕಾರಿನ ಅಂಗಗಳನ್ನೇ ಎರವಲು ಪಡೆದು ಪೆಟ್ರೋಲ್ ಕಾರು ಅದನ್ನು ಸೋಲಿಸಿತು.

ಇವೆಲ್ಲ ಪುಸ್ತಕದಲ್ಲಿ ಸಿಗುವ ಕಾರಣಗಳು. ಇನ್ನೆರಡು ಕಾರಣಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು ತಂತಿ. 1920ರಲ್ಲಿ ಕೂಡ ಅಮೆರಿಕದ ಮನೆಗಳಲ್ಲಿ ಕರೆಂಟು ಇದ್ದದ್ದು ಮೂರರಲ್ಲಿ ಒಂದು ಪಾಲಿಗೆ ಮಾತ್ರ. ಹಳ್ಳಿಯ ಹೊಲಮನೆಗಳಿಗಂತೂ 1935ರವರೆಗೂ ಹತ್ತರಲ್ಲಿ ಒಂದಕ್ಕೆ ತಲುಪಿದ್ದರೆ ಹೆಚ್ಚು. ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಊರೂರಿಗೆ ಒಯ್ಯಬಹುದು, ಕರೆಂಟನ್ನು ಒಯ್ಯಲಾದೀತೇ? ಪೇಟೆಯಲ್ಲಿ ಸ್ವಂತ ಮನೆ, ಸ್ವಂತ ಕಾರುಕೊಟ್ಟಿಗೆ ಇದ್ದ ಸಿರಿವಂತರಿಗೆ ಅದು ದಕ್ಕಿತು. ಉಳಿದವರು ಚಾರ್ಜು ಮಾಡಿಕೊಡುವ ಗ್ಯಾರೇಜುಗಳನ್ನು ಹುಡುಕಿಕೊಂಡು ಹೋಗಬೇಕಿತ್ತು.

ಎರಡನೆಯದು ಹೆಸರು. ‘ಹೆಂಗಸರ ಕಾರು’ ಎಂದು ಮಾರಿದವರೇ ಅದಕ್ಕೊಂದು ಬೇಲಿಯನ್ನೂ ಹಾಕಿದರು. ಹೆಂಗಸರು ಎಲ್ಲಿಗೆ ಹೋಗುತ್ತಾರೆ? ಅಂಗಡಿಗೆ, ನೆಂಟರ ಮನೆಗೆ, ಮಕ್ಕಳ ಶಾಲೆಗೆ. ಅಷ್ಟಕ್ಕೆ ಈ ಓಟ ಸಾಕು ಎಂಬ ಲೆಕ್ಕ. ಗಂಡಸಿಗೆ ಊರಾಚೆಗೆ ಹೋಗುವ ಕಾರು, ಹೆಂಗಸಿಗೆ ಊರೊಳಗೆ ತಿರುಗುವ ಕಾರು. ಹೀಗೆ ಎಣಿಸಿದ ಮೇಲೆ ಅದನ್ನು ಕೊಳ್ಳಲು ಗಂಡಸರು ನಾಚಿಕೊಂಡರು. ಅದರ ಬ್ಯಾಟರಿಯನ್ನು ಉತ್ತಮಗೊಳಿಸುವ ಆತುರವೂ ಯಾರಿಗೂ ಉಳಿಯಲಿಲ್ಲ. ಡೆಟ್ರಾಯಿಟ್ ಎಲೆಕ್ಟ್ರಿಕ್ ಕುಂಟುತ್ತ ಸಾಗಿ 1939ರಲ್ಲಿ ನಿಂತಿತು.

ಆಮೇಲೆ ಬಹುಕಾಲ ಆ ಮಾತು ಮರೆತೇಹೋಯಿತು. 1990ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಹೊಗೆಯುಗುಳದ ಕಾರುಗಳನ್ನು ಮಾರಲೇಬೇಕೆಂದು ಕಂಪನಿಗಳಿಗೆ ನಿಯಮ ಮಾಡಿದ್ದರಿಂದ ಅದಕ್ಕೆ ಮತ್ತೆ ಜೀವ ಬಂತು. ಜನರಲ್ ಮೋಟಾರ್ಸ್ ಕಂಪನಿ 1996ರಲ್ಲಿ ಇವಿ1 ಎಂಬ ಕಾರು ತಂದಿತು. ಅದನ್ನು ಮಾರಲಿಲ್ಲ, ಗೇಣಿಗೆ ಕೊಟ್ಟಿತು. ಗೇಣಿದಾರರ ಮನೆಗೇ ಚಾರ್ಜರ್ ಹಾಕಿಸಲಾಗುತ್ತಿತ್ತು. ನಮ್ಮ ಟೇಬಲ್ ಟೆನಿಸ್ ಬ್ಯಾಟಿನಂಥ ಒಂದು ಹಲಗೆಯನ್ನು ಕಾರಿನ ಮೂತಿಯೊಳಗೆ ತುರುಕಿದರೆ ಚಾರ್ಜು. 2003ರಲ್ಲಿ ಕಂಪನಿ ಆ ಕಾರುಗಳನ್ನು ವಾಪಸು ಪಡೆದು ಬಹುಪಾಲನ್ನು ಜಜ್ಜಿಹಾಕಿತು. ಕೊಂಡುಕೊಳ್ಳುತ್ತೇವೆ ಕೊಡಿ ಎಂದವರಿಗೂ ಕೊಡಲಿಲ್ಲ.

ಅಷ್ಟು ಹೊತ್ತಿಗೆ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಕಾರು ಸದ್ದಿಲ್ಲದೆ ಓಡಾಡತೊಡಗಿತ್ತು. ಚೇತನ್ ಮೈನಿಯವರ ರೇವಾ ಕಾರು ಮಾರಾಟಕ್ಕೆ ಬಂದದ್ದು 2001ರಲ್ಲಿ. ರೇವಾ ಎಂಬುದು ನರ್ಮದಾ ನದಿಯ ಇನ್ನೊಂದು ಹೆಸರೂ ಹೌದು. ಎರಡೇ ಬಾಗಿಲು, ಆಟಿಕೆಯಂಥ ಮೈ, ಸೀಸ ಮತ್ತು ಆಮ್ಲದ ಎಂಟು ಬ್ಯಾಟರಿ, ಒಮ್ಮೆ ಚಾರ್ಜಿಗೆ ಸುಮಾರು 80 ಕಿಲೋಮೀಟರು. ಅದಕ್ಕೆ ಪ್ರತ್ಯೇಕ ಚಾರ್ಜರ್ ಪೆಟ್ಟಿಗೆ ಬೇಕಿರಲಿಲ್ಲ. ಗೀಸರಿಗೆ ಹಾಕಿಸುವಂಥ 15 ಆಂಪಿಯರಿನ ದಪ್ಪ ಪ್ಲಗ್ಗೇ ಸಾಕು. ಲಂಡನ್ನಿನಲ್ಲೂ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಆ ಕಂಪನಿ ಮಹೀಂದ್ರದವರ ಕೈ ಸೇರಿತು. ಅದನ್ನು ಕಂಡವರಲ್ಲಿ ಎಷ್ಟೋ ಮಂದಿ ‘ಹೆಂಗಸರಿಗೆ ಸರಿ’ ಎಂದು ನಕ್ಕದ್ದನ್ನು ನಾನೇ ಕೇಳಿದ್ದೇನೆ. ನೂರು ವರ್ಷ ಕಳೆದರೂ, ಸಮುದ್ರ ದಾಟಿದರೂ ಆ ಮಾತು ಬದಲಾಗಿರಲಿಲ್ಲ.

ಕಾರು ಮಾತ್ರ ಬದಲಾಯಿತು. ಸೀಸದ ಜಾಗಕ್ಕೆ ಲಿಥಿಯಂ ಬ್ಯಾಟರಿ ಬಂದು ಓಟ ಮೂರು ನಾಲ್ಕು ಪಟ್ಟು ಹೆಚ್ಚಿತು. 2017ರಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿ ರೂಪಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದೇ. ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ಕಾರಿಗೆ ಚಾರ್ಜು ಮಾಡಿಕೊಳ್ಳಬಹುದು ಎಂದು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಬೇಕೆಂದವರು ವಾಹನಕ್ಕೆಂದು ಪ್ರತ್ಯೇಕ ಸಂಪರ್ಕ ಪಡೆಯಬಹುದೆಂದು 2024ರ ನಿಯಮ ಹೇಳಿತು.

ನಮ್ಮ ಮನೆಗೆ ಆ ಪ್ಲಗ್ಗು ಬಂದದ್ದು ಮಗಳಿಂದ. ಅವಳು ಡಾಕ್ಟರು, ಹಾಸನದ ನಮ್ಮ ಮನೆಯಿಂದ ದಿನಾ ಅರಕಲಗೂಡಿಗೆ ಹೋಗಿಬರುತ್ತಾಳೆ. ರಾತ್ರಿ ಪಾಳಿಯಿದ್ದರೆ ಬಸ್ಸನ್ನು ನಂಬುವಂತಿಲ್ಲ. ಹೋಗಿಬರಲು ಅರವತ್ತು ಕಿಲೋಮೀಟರಿನ ಆಸುಪಾಸು. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರು ಓಡುತ್ತದೆ ಎಂದು ಹಿಡಿದರೆ ದಿನಕ್ಕೆ ಎಂಟೊಂಬತ್ತು ಯೂನಿಟ್ಟು. ಯೂನಿಟ್ಟಿಗೆ ಆರೇಳು ರೂಪಾಯಿಯೆಂದರೂ ಅರವತ್ತು ರೂಪಾಯಿಯಲ್ಲಿ ಮುಗಿಯಿತು. ಪೆಟ್ರೋಲಾದರೆ ಅದರ ಐದಾರು ಪಟ್ಟು. ಆದರೆ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಯಾದರೆ, ಕಾರಿನ ಯೂನಿಟ್ಟು ಸೇರಿ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆವಾರ್ತೆ ನೋಡುವವರು ಇದನ್ನು ಮೊದಲೇ ಕೂಡಿ ಕಳೆದು ನೋಡುವುದು ಒಳ್ಳೆಯದು.

ಗೋಡೆಯ ಪೆಟ್ಟಿಗೆಯನ್ನು ನಾವೆಲ್ಲ ಚಾರ್ಜರ್ ಎನ್ನುತ್ತೇವೆ. ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಅಂದಿನ ಪಾದರಸದ ಬುರುಡೆ ಮಾಡುತ್ತಿದ್ದ ಕೆಲಸವನ್ನು ಈಗ ಕಾರೇ ಮಾಡಿಕೊಳ್ಳುತ್ತದೆ. ಪೆಟ್ಟಿಗೆಯದು ಬಾಗಿಲು ಕಾಯುವವನ ಕೆಲಸ. ಕಾರಿನೊಡನೆ ಒಂದು ಸಣ್ಣ ತಂತಿಯಲ್ಲಿ ಮಾತಾಡಿ, ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆಯೇ ಕರೆಂಟು ಬಿಡುತ್ತದೆ. ಪೆಟ್ಟಿಗೆಗಳಲ್ಲಿ ಎರಡು ಬಗೆ. ದೊಡ್ಡದು 32 ಆಂಪಿಯರಿನದು, ಸುಮಾರು 7 ಕಿಲೋವ್ಯಾಟು. ಚಿಕ್ಕದು 16 ಆಂಪಿಯರಿನದು, ಮೂರು ಚಿಲ್ಲರೆ ಕಿಲೋವ್ಯಾಟು. ಮಾರುವವರು ದೊಡ್ಡದನ್ನೇ ಹೊಗಳಿದರು. ನಮಗೆ ದಿನಕ್ಕೆ ಬೇಕಾದ ಎಂಟೊಂಬತ್ತು ಯೂನಿಟ್ಟು ಚಿಕ್ಕದರಲ್ಲಿ ಮೂರು ಗಂಟೆಯಲ್ಲಿ ತುಂಬುತ್ತದೆ. ಮಲಗಿದ ಮನೆಗೆ ಅವಸರವೇನು? ಚಿಕ್ಕದನ್ನೇ ಆರಿಸಿದೆವು. ನಮ್ಮ ಮನೆಗೆ ಮಂಜೂರಾಗಿದ್ದ ಲೋಡು 3 ಕಿಲೋವ್ಯಾಟು. ಗೀಸರು ಮತ್ತು ಕಾರು ಒಟ್ಟಿಗೆ ನಡೆದರೆ ಅದು ಸಾಲದು. ಹೆಚ್ಚಿಸಲು ಅರ್ಜಿ ಕೊಟ್ಟೆವು.

ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ ಮೇಜಿನ ಹಿಂದಿದ್ದವರು ನನ್ನನ್ನು ನೋಡಿ, “ಅಮ್ಮಾ, ಯಜಮಾನ್ರನ್ನ ಕಳಿಸಿ, ಅವರಿಗೆ ವಿವರ ಹೇಳ್ತೀವಿ” ಎಂದರು. ಮೀಟರು ನನ್ನ ಹೆಸರಿನಲ್ಲಿದೆ, ಕಾರು ಮಗಳ ಹೆಸರಿನಲ್ಲಿದೆ, ಯಜಮಾನರು ತೀರಿಕೊಂಡು ಆರು ವರ್ಷವಾಯಿತು ಎಂದೆ. ಅವರು ಕಾಗದವನ್ನು ತಿರುಗಿಸಿ ನೋಡಿ, ಕುರ್ಚಿ ತೋರಿಸಿದರು.

ಆಮೇಲೆ ಬಂದವರು ಎಲೆಕ್ಟ್ರಿಷಿಯನ್ನು. ನಮ್ಮ ಬೀದಿಗೆಲ್ಲ ಮೂವತ್ತು ವರ್ಷದಿಂದ ಕೆಲಸ ಮಾಡಿದವರು. ಮೀಟರಿನಿಂದ ಬೇರೆಯೇ ಒಂದು ತಾಮ್ರದ ಲೈನು ಎಳೆಯಬೇಕು, ಅದಕ್ಕೆ ಪ್ರತ್ಯೇಕ ಎಂ.ಸಿ.ಬಿ., ಸೋರಿಕೆಯಾದರೆ ತಾನೇ ಬೀಳುವ ಸ್ವಿಚ್ಚು ಹಾಕಬೇಕು ಎಂದರು. ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಬೇಡವೇ ಬೇಡ. ಗಂಟೆಗಟ್ಟಲೆ ಅಷ್ಟು ಕರೆಂಟು ಹರಿದರೆ ಸಣ್ಣ ತಂತಿ ಕಾದು ಕರಗುತ್ತದೆ ಎಂದರು. ಕೊನೆಗೆ ಪ್ಲಗ್ಗಿನ ದೊಡ್ಡ ತೂತಿಗೆ ಪರೀಕ್ಷೆಯ ಕಡ್ಡಿ ಹಿಡಿದು ನೋಡಿ ತಲೆಯಾಡಿಸಿದರು. “ಅಮ್ಮಾ, ನಿಮ್ಮ ಮನೇಲಿ ಅರ್ತೇ ಇಲ್ಲ. ಅರ್ತ್ ಸರಿಯಿಲ್ಲದಿದ್ರೆ ಈ ಕಾರು ಚಾರ್ಜು ತಗೊಳಲ್ಲ, ಹಟ ಮಾಡುತ್ತೆ.”

ನನಗೆ ಅದು ಹೊಸ ಸುದ್ದಿಯಲ್ಲ. ನಮ್ಮ ಮನೆಯ ಗ್ರೈಂಡರು ಒದ್ದೆ ಕೈಯಲ್ಲಿ ಮುಟ್ಟಿದರೆ ಜುಂ ಎನ್ನುತ್ತಿತ್ತು. ಅತ್ತೆಯ ಕಾಲದಿಂದ ಫ್ರಿಜ್ಜಿನ ಹಿಡಿಯೂ ಹಾಗೆಯೇ. ಎಷ್ಟು ಸಲ ಹೇಳಿದರೂ ಮನೆಯಲ್ಲಿ ಸಿಗುತ್ತಿದ್ದ ಉತ್ತರ ಒಂದೇ: ಚಪ್ಪಲಿ ಹಾಕಿಕೊಂಡು ಮುಟ್ಟು, ಮಣೆಯ ಮೇಲೆ ನಿಂತುಕೋ. ಅಡುಗೆಮನೆಯಲ್ಲಿ ಹಾಗೆ ಮಣೆಯ ಮೇಲೆ ನಿಂತು ರುಬ್ಬಿದ ಹೆಂಗಸರು ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ. ಮೈಗೆ ಶಾಕ್ ಹೊಡೆದಾಗ ಯಾರೂ ಗುಂಡಿ ತೋಡಲಿಲ್ಲ. ಕಾರು ಒಲ್ಲೆ ಎಂದಾಗ ಒಂದೇ ದಿನದಲ್ಲಿ ಗುಂಡಿ ತೋಡಲಾಯಿತು. ನಾವು ಸಹಿಸಿಕೊಂಡೆವು, ಕಾರು ಸಹಿಸಲಿಲ್ಲ. ಇಷ್ಟೇ ವ್ಯತ್ಯಾಸ.

ಮನೆಯ ಪಕ್ಕದಲ್ಲಿ ಆಳವಾಗಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರಪದರವಾಗಿ ತುಂಬಿ ನೀರು ಹೊಯ್ದರು. ಬೇಸಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕೆಂದು ಹೇಳಿದರು. “ಕಾರಿಗೆ ಮಾತ್ರ ಸಾಲದು, ಅಡುಗೆಮನೆಗೂ ಇಡೀ ಮನೆಗೂ ಇದನ್ನೇ ಸೇರಿಸಿ” ಎಂದೆ. ಒಂದು ದಿನದ ಕೆಲಸ ಮೂರು ದಿನವಾಯಿತು, ಖರ್ಚೂ ಹೆಚ್ಚಾಯಿತು. ಈಗ ಗ್ರೈಂಡರು ಜುಂ ಎನ್ನುವುದಿಲ್ಲ.

ಮಹಡಿಯ ಮೇಲೆ ನಮ್ಮ ಮನೆಯಲ್ಲೇ ಬಾಡಿಗೆಗಿರುವ ಹುಡುಗಿ ಇದೆಲ್ಲವನ್ನೂ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಅವಳೊಂದು ವಿದ್ಯುತ್ ಸ್ಕೂಟರು ಕೊಳ್ಳಬೇಕೆಂದಿದ್ದಾಳೆ. ಹಿಂದೆ ಇದ್ದ ಮನೆಯ ಮಾಲೀಕರು ಪ್ಲಗ್ಗು ಹಾಕಿಸಲು ಒಪ್ಪಿರಲಿಲ್ಲವಂತೆ. ಬ್ಯಾಂಕಿನಲ್ಲಿ ಸಂಬಳ ಎಣಿಸಿಕೊಳ್ಳುವ ಹುಡುಗಿ ತನ್ನ ಗಾಡಿ ಯಾವುದಿರಬೇಕೆಂಬುದನ್ನು ಮನೆಯ ಮಾಲೀಕರನ್ನು ಕೇಳಿ ತೀರ್ಮಾನಿಸಬೇಕಾಗಿತ್ತು. 1910ರಲ್ಲಿ ಸ್ವಂತ ಕಾರುಕೊಟ್ಟಿಗೆ ಇದ್ದವರಿಗೆ ಮಾತ್ರ ಆ ಕಾರು ದಕ್ಕಿತಲ್ಲ, ಆ ಕತೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ನಡೆಯುತ್ತಿದೆ. ಸ್ವಂತ ಗೇಟು, ಸ್ವಂತ ಮೀಟರು ಇದ್ದವರಿಗೆ ಅಗ್ಗದ ಓಡಾಟ. ಬಾಡಿಗೆಯವರಿಗೆ, ಫ್ಲ್ಯಾಟಿನವರಿಗೆ, ವಠಾರದವರಿಗೆ ಪೆಟ್ರೋಲು. ನಿಯಮ ಬಂದಿದೆ, ನಿಜ; ನಿಯಮ ಗೋಡೆಯಲ್ಲಿ ತೂತು ಕೊರೆಯುವುದಿಲ್ಲ.

ಮಹಡಿಗೆ ಬೇರೆ ಮೀಟರು ಇದ್ದೇ ಇದೆ. ಅದರಿಂದ ಕೆಳಗೆ, ಗಾಡಿ ನಿಲ್ಲಿಸುವ ಕಡೆಗೆ ಇನ್ನೊಂದು ಲೈನು ಎಳೆದು, ಅದಕ್ಕೂ ಅದೇ ಗುಂಡಿಯ ಅರ್ತು ಸೇರಿಸಿ, ಬೀಗ ಹಾಕುವ ಪುಟ್ಟ ಪೆಟ್ಟಿಗೆಯಲ್ಲಿ ಒಂದು ದಪ್ಪ ಪ್ಲಗ್ಗು ಕೂರಿಸಲು ಎಲೆಕ್ಟ್ರಿಷಿಯನ್ನಿಗೆ ಹೇಳಿದೆ. ಬೀಗದ ಕೈಯನ್ನು ಅವಳಿಗೆ ಕೊಟ್ಟೆ. ಅವಳು ಸ್ಕೂಟರಿಗೆ ಹಣ ಕಟ್ಟಿದ್ದಾಳೆ, ಇನ್ನೂ ಬಂದಿಲ್ಲ. ಪ್ಲಗ್ಗು ಕಾಯುತ್ತಿದೆ.